ಅರವತ್ತೆಂಟು ಹೆಜ್ಜೆ ಡಾಂಬರು

ನಮ್ಮ ಮನೆಯ ಜಗಲಿಯಿಂದ ರಸ್ತೆಯ ಗೇಟಿಗೆ ಅರವತ್ತೆಂಟು ಹೆಜ್ಜೆ. ಇದು ಅವ್ವನ ಲೆಕ್ಕ. ನನ್ನ ಕಾಲಿಗೆ ಐವತ್ತೊಂದಾಗುತ್ತದೆ. ಆದರೂ ಈ ದಾರಿಯ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಅರವತ್ತೆಂಟು ಎಂದೇ ಹೇಳುತ್ತೇವೆ. ಡಾಂಬರು ಹಾಕಿಸಿದ್ದು ಅವಳಿಗಾಗಿ.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವಾಗ ಸಿಗುವ ಹೊಗೆಸೊಪ್ಪಿನ ಊರುಗಳಲ್ಲಿ ನಮ್ಮದೂ ಒಂದು. ಮನೆ ದಿಬ್ಬದ ಮೇಲಿದೆ, ರಸ್ತೆ ಕೆಳಗಿದೆ. ಮೊದಲು ಇದು ಕೆಂಪು ಮಣ್ಣಿನ ದಾರಿ. ಜಗಲಿ ಇಳಿದರೆ ಹತ್ತು ಹೆಜ್ಜೆಯಷ್ಟು ಅಪ್ಪ ಹಾಸಿದ್ದ ಚಪ್ಪಡಿ ಕಲ್ಲು. ಆಮೇಲೆ ಎಡಕ್ಕೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ, ಅದರ ನೆರಳಿಗೆ ಮಧ್ಯಾಹ್ನವೂ ತಣ್ಣಗಿರುವ ನೆಲ. ನಡುವೆ ಕಣ. ಕಣ ದಾಟಿದರೆ ಹುಣಸೆ ಮರದ ಬೇರು ಅಡ್ಡಲಾಗಿ ಎದ್ದ ಜಾಗ. ಕೊನೆಗೆ ಗೇಟು, ಗೇಟಿಗೆ ಅಂಟಿಕೊಂಡಂತೆ ನಮ್ಮ ಬದಿಯಲ್ಲೇ ಹಾಲಿನ ಡೇರಿ.

ಕಣದ ನೆನಪು ನನಗೆ ಮೊದಲು ಬರುವುದು ಅಂಗಾಲಿಗೆ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಅಪ್ಪ ಆ ಜಾಗದ ಹುಲ್ಲು ಕೆತ್ತಿ, ನೀರು ಚೆಲ್ಲಿ, ಎತ್ತುಗಳನ್ನು ಸುತ್ತು ಹೊಡೆಸಿ ತುಳಿಸುತ್ತಿದ್ದರು. ಮಾರನೆಯ ದಿನ ಅವ್ವ ಒಂದು ಕಡೆಯಿಂದ ಸಗಣಿ ಸಾರಿಸಿಕೊಂಡು ಬರುತ್ತಿದ್ದಳು. ಒಣಗಿದ ಮೇಲೆ ಅದರ ಮೇಲೆ ಕಾಲಿಟ್ಟರೆ ಬೆಚ್ಚಗೆ, ನುಣುಪಾಗಿ ಇರುತ್ತಿತ್ತು, ಸದ್ದು ಸ್ವಲ್ಪ ಟೊಳ್ಳಾಗಿ ಕೇಳಿಸುತ್ತಿತ್ತು. ನಡುವೆ ಮೇಟಿ ಕಂಬ, ಅದರ ಸುತ್ತ ಕಲ್ಲಿನ ಗುಂಡು ಉರುಳುತ್ತಿತ್ತು. ಚಪ್ಪಲಿ ಹಾಕಿಕೊಂಡು ಕಣಕ್ಕೆ ಬಂದವರನ್ನು, ಅವರು ಬೀಗರೇ ಆಗಿರಲಿ, ಅವ್ವ ಬಿಡುತ್ತಿರಲಿಲ್ಲ. ಆಮೇಲೆ ರಾಗಿ ಬಿಡಿಸುವ ಮಿಷನ್ನು ಬಂತು. ಊರ ರಸ್ತೆಗೆ ಡಾಂಬರು ಬಂದ ಮೇಲೆ ಎಲ್ಲರೂ ಹುರುಳಿ, ರಾಗಿಯನ್ನು ರಸ್ತೆಗೇ ಹರಡತೊಡಗಿದರು. ಹೋಗುವ ಬರುವ ಬಸ್ಸು, ಲಾರಿಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತಿದ್ದವು. ನಮ್ಮ ಕಣದಲ್ಲಿ ಹುಲ್ಲು ಬೆಳೆಯಿತು. ಹೆಸರು ಮಾತ್ರ ಉಳಿಯಿತು.

ಅವ್ವನ ಕಣ್ಣು ಮಂದವಾದದ್ದು ಅದಾದ ಎಷ್ಟೋ ವರ್ಷಕ್ಕೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಮೈಸೂರಿನ ಡಾಕ್ಟರು ಹೇಳಿದರು. ಅವಳು ಲೋಕವನ್ನು ಕೊಳವೆಯೊಳಗಿಂದ ನೋಡುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಒಬ್ಬಳೇ ಡೇರಿಗೆ ಹೋಗುತ್ತಿದ್ದಳು. ಕೇಳಿದರೆ, "ಕಣ್ಣು ಯಾಕ್ಲಾ ಬೇಕು, ಕಾಲಿಲ್ವಾ?" ಅನ್ನುತ್ತಿದ್ದಳು. ಅದು ಜಂಬದ ಮಾತಲ್ಲ. ಚಪ್ಪಡಿ, ತಣ್ಣನೆಯ ನೆಲ, ಕಣದ ಗಟ್ಟಿ, ಬೇರಿನ ಉಬ್ಬು, ಹೀಗೆ ಅವಳ ಅಂಗಾಲು ಒಂದೊಂದನ್ನೂ ಗುರುತು ಹಿಡಿಯುತ್ತಿತ್ತು. ಆಗ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದೆ ಮಾಡಿದ್ದನ್ನು ಹಾಗೆ ಮಾಡುತ್ತಿರಲಿಲ್ಲ.

ಅವಳು ಬಿದ್ದ ದಿನದ ಸಂಗತಿಯನ್ನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿದಾಗೆಲ್ಲ ಸ್ವಲ್ಪ ಸ್ವಲ್ಪ ಬದಲಾಗಿದೆ. ಇಲ್ಲಿ ಕಂಡಷ್ಟನ್ನೇ ಬರೆಯುತ್ತೇನೆ. ಆಷಾಢ. ಮೂರು ದಿನದಿಂದ ಸೋನೆ ಹಿಡಿದಿತ್ತು. ನಾನು ಜಗಲಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಅವ್ವ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದಳು, ಬಲಗೈಯಲ್ಲಿ ಕ್ಯಾನು. ಬ್ಯಾರನ್ನು ದಾಟಿದಳು. ಕಣದ ಅಂಚಿನಲ್ಲಿ ಎಡಗಾಲು ಮುಂದಕ್ಕೆ ಜಾರಿತು. ಕೂಗಲಿಲ್ಲ. ನನಗೆ ಮೊದಲು ಕಂಡದ್ದು ಹಾಲು. ಟ್ರ್ಯಾಕ್ಟರಿನ ಚಕ್ರ ಮಾಡಿದ ಜಾಡಿನಲ್ಲಿ ಬಿಳಿಯಾಗಿ ಇಳಿದು, ನೋಡುತ್ತಿದ್ದ ಹಾಗೇ ಕೆಂಪಾಯಿತು. ಅದಾದ ಮೇಲೆ ಅವ್ವನನ್ನು ನೋಡಿದೆ. ಈ ಅನುಕ್ರಮ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಓಡಿ ಹೋಗುವಷ್ಟರಲ್ಲಿ ಎದ್ದು ಕೂತಿದ್ದಳು. ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಅದು ಇರಬೇಕಾದ ಹಾಗೆ ಇರಲಿಲ್ಲ.

"ಹಾಲು ಎಷ್ಟು ಉಳೀತು ನೋಡ್ಲಾ," ಅಂದಳು.

ಹುಣಸೂರಿನ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಪಟ್ಟು ಹಾಕಿದರು. ಭಾನುವಾರ ಅಣ್ಣ ಬಂದ. ಅವನಿಗೆ ಹುಣಸೂರಿನಲ್ಲೇ ಬೀಜ, ಗೊಬ್ಬರದ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವನು, ಅಪ್ಪ ಹೋದ ಮೇಲೆ ಮನೆಯ ತೀರ್ಮಾನಗಳೆಲ್ಲ ಅವನವೇ.

"ಇನ್ಮೇಲೆ ಹಾಲು ಅವ್ನು ಹಾಕ್ತಾನೆ. ನೀನು ಜಗಲಿ ಇಳೀಬ್ಯಾಡ ಕಣವ್ವ," ಅಂದ ನನ್ನ ಕಡೆ ಕೈ ತೋರಿಸಿ.

"ಜಗಲಿ ಮ್ಯಾಲೆ ಕುಂತ್ಕಂಡು ಏನ್ಲಾ ಮಾಡ್ಲಿ? ಕಾಗೆ ಎಣಿಸ್ಲಾ?"

"ಎಣ್ಸು. ಸೊಂಟ ಮುರ್ಕೊಂಡು ಮನೀಕೊಳ್ಳೋದಕ್ಕಿಂತ ವಾಸಿ."

ಅಣ್ಣ ಹೇಳಿದ್ದು ತಪ್ಪಲ್ಲ. ಆ ವಯಸ್ಸಿನಲ್ಲಿ ಮುಂದಿನ ಸಲ ಮುರಿಯುವುದು ಮಣಿಕಟ್ಟಲ್ಲ. ಆದರೆ ಅವ್ವನಿಗೆ ಡೇರಿ ಎಂದರೆ ಹಾಲು ಹಾಕುವ ಜಾಗ ಮಾತ್ರ ಆಗಿರಲಿಲ್ಲ. ಅಲ್ಲಿ ಸಾಲಿನಲ್ಲಿ ನಿಲ್ಲುವ ಹೆಂಗಸರ ಜೊತೆ ಅರ್ಧ ಗಂಟೆ ಅವಳದು. ಯಾರ ಹಸು ಗಬ್ಬ ನಿಂತಿಲ್ಲ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ, ಎಲ್ಲ ಅಲ್ಲಿಂದ ಮನೆಗೆ ಬರುತ್ತಿತ್ತು. ನಾನು ಕ್ಯಾನು ಹಿಡಿದು ಹೋಗತೊಡಗಿದ ಮೇಲೆ ಆ ಹೆಂಗಸರು ಮಾತು ನಿಲ್ಲಿಸಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಅವ್ವ, "ಏನಂತೆ?" ಅನ್ನುತ್ತಿದ್ದಳು. ನನ್ನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ.

ಪಟ್ಟು ಬಿಚ್ಚಿದ ದಿನ ಅವ್ವ, "ಮಳೆ ಓಗ್ಲಿ, ನಾನೇ ಓಯ್ತೀನಿ," ಅಂದಳು. ಅಣ್ಣ ನನ್ನ ಕಡೆ ತಿರುಗಿ, "ದಾರಿ ಮಾಡ್ಸು. ಜಾರ್ದೆ ಇರೋ ದಾರಿ. ಆಮೇಲೆ ಮಾತಾಡವ," ಅಂದ. ಅಷ್ಟು ಅವನು ಬಿಟ್ಟುಕೊಟ್ಟ.

ಕಾಂಕ್ರೀಟು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಇಂಟರ್‌ಲಾಕ್ ಕಲ್ಲು ಒಂದೊಂದು ಕಡೆ ಕುಸಿದು ಎಡವಿಸುತ್ತದೆ. ಊರ ಡಾಂಬರು ರಸ್ತೆಯಲ್ಲಿ ಅವ್ವ ಒಂದು ದಿನವೂ ಜಾರಿರಲಿಲ್ಲ. ನಾನು ಡಾಂಬರನ್ನು ಆರಿಸಿದ್ದು ಇಷ್ಟೇ ಯೋಚನೆ ಮಾಡಿ. ಮನೆ ಮುಂದಿನ ಸಣ್ಣ ಕೆಲಸಕ್ಕೆ ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಸಾಲಿಗ್ರಾಮದ ಕಡೆಯ ಒಬ್ಬ ಮೇಸ್ತ್ರಿ ಸಿಕ್ಕಿದ. ಕೆ.ಆರ್. ನಗರ, ಚುಂಚನಕಟ್ಟೆ ಕಡೆ ಅಕ್ಕಿ ಗಿರಣಿಗಳ ಅಂಗಳಕ್ಕೆ ಡಾಂಬರು ಹಾಕಿ ಅನುಭವ ಇದ್ದವನು.

ಮಳೆ ನಿಂತು, ರಾಗಿ ಮೆದೆ ಬಿದ್ದ ಮೇಲೆ ಕೆಲಸ ಶುರುವಾಯಿತು. ಮೊದಲು ಅಗೆದರು. ಅಪ್ಪನ ಚಪ್ಪಡಿಗಳನ್ನು ಎಬ್ಬಿಸಿ ಗೋಡೆಗೆ ಒರಗಿಸಿದರು. ಬೇರನ್ನು ಕಡಿದರು. ಕಣದ ಗಟ್ಟಿ ಪದರಕ್ಕೆ ಹಾರೆ ಹಾಕಿದಾಗ ಅದು ಹಪ್ಪಳದ ಹಾಗೆ ಹೆಂಟೆ ಹೆಂಟೆಯಾಗಿ ಎದ್ದಿತು. ನಾನು ಒಂದು ಹೆಂಟೆ ತಿರುಗಿಸಿ ನೋಡಿದೆ. ಪದರದ ಮೇಲೆ ಪದರ ಸಗಣಿ, ನಡುನಡುವೆ ರಾಗಿ ಹೊಟ್ಟು. ಎಷ್ಟು ವರ್ಷದ್ದೋ ಎಣಿಸಲು ಹೋಗಲಿಲ್ಲ. ದಪ್ಪ ಕಲ್ಲು, ಅದರ ಮೇಲೆ ಹಂಪಾಪುರದ ಕಡೆಯಿಂದ ಬಂದ ಜಲ್ಲಿ, ಮೇಲೆ ಮಣ್ಣು, ನೀರು, ರೋಲರು. ನೀರು ನಿಲ್ಲದಂತೆ ನಡುವೆ ಸ್ವಲ್ಪ ಎತ್ತರಿಸಿ ಎರಡು ಬದಿಗೆ ಇಳಿಜಾರು ಕೊಟ್ಟರು. ಅಂಚಿಗೆ ಉದ್ದಕ್ಕೂ ಕಲ್ಲು ನೆಟ್ಟರು. ಅಂಚು ಬಿಟ್ಟರೆ ಡಾಂಬರು ಬಿಸ್ಕತ್ತಿನ ಹಾಗೆ ಮುರಿಯುತ್ತದೆ ಎಂದ ಮೇಸ್ತ್ರಿ.

ಡಾಂಬರಿನ ದಿನ ಪೀಪಾಯಿಗಳ ಕೆಳಗೆ ಸೌದೆ ಉರಿಯಿತು. ಕಾಲಿಗೆ ಗೋಣಿತಾಟು ಸುತ್ತಿಕೊಂಡ ಆಳುಗಳು ಬಿಸಿ ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ಸುರಿದರು. ಇಬ್ಬರು ಹಲಗೆಯಿಂದ ಎಳೆದರು. ರೋಲರಿನ ಚಕ್ರಕ್ಕೆ ಅಂಟದಂತೆ ಒಬ್ಬಳು ನೀರು ಹೊಡೆಯುತ್ತಲೇ ಇದ್ದಳು. ಅವ್ವ ಜಗಲಿಯಲ್ಲಿ ಕೂತು ಮೂಗಿಗೆ ಸೆರಗು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಹೋಗುವಾಗ ಮೇಸ್ತ್ರಿ ನನಗೆ ಹೇಳಿದ: "ಹದಿನೈದು ದಿನ ಭಾರದ ಗಾಡಿ ಬುಡ್ಬೇಡಿ ಯಜಮಾನ್ರೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸ್ಬಾರ್ದು. ಡೀಸಲ್ಲು ತೊಟ್ಟಿಕ್ಕಬಾರ್ದು, ಡಾಂಬರು ಕರಗೋಯ್ತದೆ." ನಾನು ಗೇಟಿಗೆ ಅಡ್ಡ ಹಗ್ಗ ಕಟ್ಟಿದೆ.

ಮಾರನೆಯ ದಿನ ಭಾನುವಾರ. ಅಣ್ಣ ಬಂದಿದ್ದ. ಜನ ನಡೆಯಬಹುದು ಎಂದಿದ್ದರಿಂದ ಅವ್ವನನ್ನು ಕರೆದೆವು. ಅವಳು ಜಗಲಿ ಇಳಿದು, ಡಾಂಬರಿನ ಅಂಚಿಗೆ ಬಂದು ನಿಂತಳು. ಒಂದು ಕಾಲು ಮುಂದಿಟ್ಟಳು. ಮುಟ್ಟುವ ಮೊದಲೇ ಹಿಂದೆ ತೆಗೆದುಕೊಂಡಳು.

"ಏನ್ಲಾ ಇದು, ಗುಂಡಿ ತೋಡ್ಸಿದ್ದೀಯಾ?"

"ಗುಂಡಿ ಅಲ್ಲ ಕಣವ್ವ. ಡಾಂಬರು."

"ನಂಗೊತ್ತು ಕಣ್ಲಾ. ಗೊತ್ತಿದ್ರೆ ಆಯ್ತಾ, ಕಾಲು ಕೇಳ್ಬೇಕಲ್ಲ."

ಊರ ರಸ್ತೆ ಬಿಸಿಲಿಗೆ ಬೆಳ್ಳಗಾಗಿ, ಧೂಳು ಕೂತು, ನೆಲದ ಬಣ್ಣಕ್ಕೆ ಬಂದಿತ್ತು. ಇದು ಹೊಸತು, ಕಡುಕಪ್ಪು. ಅವಳ ಕೊಳವೆ ನೋಟಕ್ಕೆ ಅದು ಬಾಯಿ ತೆರೆದ ಹಳ್ಳ. ನಾನು ಕೈ ಹಿಡಿದು ಹದಿನೈದು ಹೆಜ್ಜೆ ನಡೆಸಿದೆ. ಅವಳ ಉಗುರು ನನ್ನ ಮುಂಗೈಗೆ ಇಳಿದಿತ್ತು. ನಿಂತಳು.

"ಎಲ್ಲಿದ್ದೀವಿ ಈಗ?"

"ಬ್ಯಾರನ್ನು ಬಂತವ್ವ."

"ಸುಳ್ಳೇಳ್ಬೇಡ. ಇಲ್ಲೇನೂ ಇಲ್ಲ."

ನಿಜ, ಅವಳ ಕಾಲಿಗೆ ಅಲ್ಲಿ ಏನೂ ಇರಲಿಲ್ಲ. ಇದ್ದ ಗುರುತುಗಳನ್ನೆಲ್ಲ ನಾನೇ ಅಗೆಸಿ, ಕಡಿಸಿ, ಮಟ್ಟ ಮಾಡಿಸಿದ್ದೆ. ವಾಪಸು ಕರೆದುಕೊಂಡು ಬಂದೆ. ಅವಳು ನೇರ ಒಳಗೆ ಹೋದಳು. ಮಾತು ಮುಗಿದಿದೆ ಎನ್ನುವ ಹಾಗೆ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಡಾಂಬರು ಹಾಕಿದ ಐದನೆಯ ದಿನ ನಾನು, ನನ್ನ ಹೆಂಡತಿ ಕೆ.ಆರ್. ನಗರಕ್ಕೆ ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಬರುವಾಗ ಮೂರು ಗಂಟೆ ದಾಟಿತ್ತು. ಗೇಟಿನ ಹಗ್ಗವನ್ನು ಯಾರೋ ಬಿಚ್ಚಿ ಕಂಬಕ್ಕೆ ಸುತ್ತಿದ್ದರು. ಬ್ಯಾರನ್ನಿನಿಂದ ಗೇಟಿನವರೆಗೆ ಡಾಂಬರು ಕಾಣದಷ್ಟು ಹುರುಳಿ ಗಿಡ ಹರಡಿತ್ತು. ಒಂದು ಟ್ರ್ಯಾಕ್ಟರು ಅದರ ಮೇಲೆ ಹೋಗಿ ಬಂದು ಮಾಡಿ, ಆಗ ತಾನೇ ಬ್ಯಾರನ್ನಿನ ಹತ್ತಿರ ನಿಂತಿತ್ತು. ಬಿಸಿಲು ಜೋರಾಗಿತ್ತು. ಪಕ್ಕದ ಮನೆಯ ಚಿಕ್ಕವ್ವ, ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು.

"ಚಿಕ್ಕವ್ವ! ಹಗ್ಗ ಕಟ್ಟಿರ್ಲಿಲ್ವಾ? ಇನ್ನೂ ವಾರ ತುಂಬಿಲ್ಲ ಕಣವ್ವ!"

"ಹಗ್ಗ ದನ ನುಗ್ಗದಂಗೆ ಕಟ್ಟಿದ್ದೀಯ ಅಂದ್ಕಂಡೆ ಕಣಪ್ಪ. ರೋಡ್ಗೆ ಹಾಕುದ್ರೆ ಬಸ್ನೋನು ಬಾಯಿಗೆ ಬಂದಂಗೆ ಬೈತಾನೆ. ಮನೆ ಮುಂದ್ಲೇ ರೋಡು ಬಂದೈತೆ, ಅಲ್ಲಿಗ್ಯಾಕೆ ಹೊರ್ಲಿ ಅಂತ ಇಲ್ಗೇ ಹಾಕ್ದೆ. ಒಂದು ಹೊರೆ ಹುರ್ಳಿಗೆ ನಿನ್ ರೋಡು ಸವ್ದೋಯ್ತದಾ?"

ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡಲಾರರು. ಡಾಂಬರು ಕಂಡರೆ ನಮ್ಮ ಕೈ ಹುರುಳಿ ಹರಡಲು ಓಡುತ್ತದೆ. ಜೋರಾಗಿಯೇ ಬೈಯಬೇಕೆಂದು ಬಾಯಿ ತೆರೆದೆ. ಆಗ ಅವ್ವ ಕಂಡಳು.

ಅವಳು ಹುರುಳಿಯ ನಡುವೆ ಇದ್ದಳು. ಬರಿಗಾಲು. ಕೈಯಲ್ಲಿ ಕವೆಗೋಲು. ಅರ್ಧ ಉದುರಿದ ಗಿಡವನ್ನು ಎತ್ತಿ, ಕೊಡವಿ, ಮಗುಚಿ ಹಾಕುತ್ತ ಹೆಜ್ಜೆ ಹೆಜ್ಜೆಯಾಗಿ ಗೇಟಿನ ಕಡೆ ಬರುತ್ತಿದ್ದಳು. ಯಾರೂ ಅವಳ ಕೈ ಹಿಡಿದಿರಲಿಲ್ಲ.

ಚಿಕ್ಕವ್ವ ದನಿ ತಗ್ಗಿಸಿದಳು. "ಅಕ್ಕನ್ನ ನಾನು ಕರೀಲಿಲ್ಲ ಕಣಪ್ಪ. ಗಾಡಿ ನಿಂತ ಸದ್ದು ಕೇಳಿ ಅವ್ಳೇ ಇಳ್ದು ರೋಡ್ ಪಕ್ಕದ ಮಣ್ಣಲ್ಲೇ ಬಂದ್ಳು. 'ನೀನು ಮಗ್ಚೋದು ಮಗ್ಚೋದಾ' ಅಂತ ನನ್ನ ಕೈಯಿಂದ ಕೋಲು ಕಿತ್ಕಂಡ್ಳು."

ಅವ್ವ ಗೇಟಿನವರೆಗೆ ಬಂದಳು. ಗೇಟಿನ ಸರಳು ಮುಟ್ಟಿ ನೋಡಿ ತಿರುಗಿದಳು. "ಯಾರ್ಲಾ ಅದು ಸುಮ್ನೆ ನಿಂತಿರೋದು? ಆ ಕಡೆ ಮಗ್ಚು," ಅಂದಳು. ನಾನು ಮದುವೆಯ ಬಿಳಿ ಪಂಚೆಯಲ್ಲೇ ಬಗ್ಗಿ ಮಗುಚಿದೆ. ಗಿಡದ ಹಾಸಿಗೆ ಆ ಕಪ್ಪನ್ನು ಮುಚ್ಚಿತ್ತು, ಕಾಲಿನಡಿ ಅವಳಿಗೆ ಗೊತ್ತಿದ್ದ ಸದ್ದು ಇತ್ತು. ಅವಳು ತಾನು ಕಣದಲ್ಲಿದ್ದೇನೆ ಎಂದುಕೊಂಡಿರಲಿಲ್ಲ, ಡಾಂಬರಿನ ಮೇಲೆ ಇದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಆಮೇಲೆ ಕೇಳಿದಾಗ, "ಕೆಲ್ಸ ಇತ್ತು, ಹೆದ್ರಿಕೆ ಮರ್ತೋಯ್ತು," ಎಂದಷ್ಟೇ ಹೇಳಿದಳು.

ಸಂಜೆ ಗಿಡ ಎತ್ತಿ ಗುಡಿಸಿದಾಗ ಅನಾಹುತ ಕಂಡಿತು. ಮೆತ್ತಗಿದ್ದ ಡಾಂಬರಿಗೆ ಹುರುಳಿ ಕಾಳು ಒತ್ತಿ ಕೂತಿತ್ತು. ಹೊಟ್ಟು, ಧೂಳು ಎಲ್ಲ ಸೇರಿ ಕಪ್ಪೆಲ್ಲ ಮಾಸಲು ಕಂದಾಗಿತ್ತು. ಟ್ರ್ಯಾಕ್ಟರು ತಿರುಗಿದ ಕಡೆ ಎರಡು ಜಾಗ ಕಿತ್ತು ಬಂದಿತ್ತು. ಚಿಕ್ಕವ್ವ ಕಾಳು ಬಿಡಿಸಲು ಉಗುರು ಹಾಕಿ ನೋಡಿ, "ಎರಡ್ ಸೇರು ನುಂಗ್ಬುಡ್ತಲ್ಲಪ್ಪ ನಿನ್ ರೋಡು," ಎಂದು ನನ್ನನ್ನೇ ಬೈದಳು.

ಫೋನು ಮಾಡಿದ ಮೂರನೆಯ ದಿನ ಮೇಸ್ತ್ರಿ ಬಂದ. ಬಗ್ಗಿ ನೋಡಿದ. ಎದ್ದು ನಿಂತು ನಗಲು ಶುರು ಮಾಡಿದವನಿಗೆ ಮಾತು ಬರಲು ಹೊತ್ತಾಯಿತು.

"ಇಷ್ಟ್ ವರ್ಷದಿಂದ ಈ ಕೆಲ್ಸ ಮಾಡ್ತಾ ಇವ್ನಿ ಯಜಮಾನ್ರೆ. ಡಾಂಬರಿಗೆ ಒಗ್ಗರಣೆ ಹಾಕಿರೋದು ಇದೇ ಮೊದ್ಲು ನೋಡಿದ್ದು."

ಆ ಭಾಗವನ್ನು ಕಿತ್ತು ಹೊಸದಾಗಿ ಹಾಕಬೇಕು ಎಂದ. ಅಷ್ಟರಲ್ಲಿ ಜಗಲಿಯಿಂದ ಅವ್ವ, "ಕೀಳ್ಬ್ಯಾಡಿ," ಅಂದಳು. ಆ ಎರಡು ದಿನ ನಾವು ಯಾರೂ ಇಲ್ಲದಾಗ ಅವಳು ಇಳಿದು ನೋಡಿದ್ದಳು ಎಂದು ಆಗ ತಿಳಿಯಿತು. ಹುರುಳಿ ಅಂಟಿದ ಕಡೆ ಕಾಲಿಗೆ ಒರಟು ಸಿಗುತ್ತದೆ, ಅಲ್ಲಿ ನಡೆಯಲು ಭಯವಿಲ್ಲ. ಅದಕ್ಕೆ ಮೊದಲಿನದು, ಜಗಲಿಯಿಂದ ಬ್ಯಾರನ್ನಿನವರೆಗಿನದು, ಅದೇ ಕಷ್ಟ. ಇಷ್ಟನ್ನು ಅವಳು ಮೇಸ್ತ್ರಿಗೆ ಹೇಳಿದಳು. ನನಗೆ ಹೇಳಿರಲಿಲ್ಲ.

ಮೇಸ್ತ್ರಿ ನಗು ನಿಲ್ಲಿಸಿದ. ಅವಳ ಕಣ್ಣನ್ನು ಆಗ ಸರಿಯಾಗಿ ನೋಡಿದ ಅಂತ ಕಾಣುತ್ತದೆ. ಜಗಲಿಯ ಕೆಳಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. "ಎಲ್ಲೆಲ್ಲಿ ಏನೇನು ಬೇಕು ಹೇಳವ್ವ. ನೀನು ಹೇಳ್ದಂಗೆ ಮಾಡ್ತೀನಿ."

ಅವ್ವ ಹೇಳುತ್ತ ಹೋದಳು. ಮೊದಲ ಹತ್ತು ಹೆಜ್ಜೆ ಕಪ್ಪು ಕಾಣಬಾರದು. ಬ್ಯಾರನ್ನಿನ ಮೂಲೆ ಬಂತು ಅಂತ ತಿಳಿಯಬೇಕು. ಹುಣಸೆ ಮರದ ಹತ್ತಿರ ಗೇಟು ಬಂತು ಅಂತ ತಿಳಿಯಬೇಕು. ಎಡವುವ ಹಾಗಿರಬಾರದು. ಮೇಸ್ತ್ರಿ ಮಾರನೆಯ ದಿನ ಒಂದು ಪೀಪಾಯಿ ಡಾಂಬರು, ಒಬ್ಬ ಆಳಿನ ಜೊತೆ ಬಂದ. ಮೊದಲ ಭಾಗಕ್ಕೆ ತೆಳ್ಳಗೆ ಡಾಂಬರು ಬಳಿದು ಮೇಲೆ ಬೂದು ಬಣ್ಣದ ಜಲ್ಲಿಪುಡಿ ಚೆಲ್ಲಿ ಒತ್ತಿಸಿದ. ಬ್ಯಾರನ್ನಿನ ಮೂಲೆಗೆ ಒಂದು ಮೊಳ ಅಗಲ ಸಣ್ಣ ಜಲ್ಲಿ, ಮರದ ಹತ್ತಿರ ಸ್ವಲ್ಪ ದಪ್ಪ ಜಲ್ಲಿ. ಕಿತ್ತುಹೋದ ಎರಡು ಜಾಗಕ್ಕೆ ತೇಪೆ. ಹುರುಳಿಯನ್ನು ಹಾಗೇ ಬಿಟ್ಟ. ಅವ್ವ ಅವನ ಜೊತೆ ನಡೆದು ಒಂದೊಂದು ಕಡೆಯೂ ಕಾಲಾಡಿಸಿ, "ಇದು ಸಾಲ್ದು, ಇನ್ನೊಂದ್ ಬೊಗ್ಸೆ ಹಾಕು," ಎಂದು ಹಾಕಿಸಿದಳು. ಕಣ ಸಾರಿಸುವಾಗ ಅಪ್ಪನಿಗೆ ಹೇಳುತ್ತಿದ್ದ ದನಿಯೇ ಅದು.

ಮುಂದಿನ ಭಾನುವಾರ ಅಣ್ಣ ಇನ್ನೂ ಕಾಫಿ ಕುಡಿಯುತ್ತಿದ್ದ. ಅವ್ವ ಕ್ಯಾನು ತೆಗೆದುಕೊಂಡು ಇಳಿದಳು. ಅಣ್ಣ ಲೋಟ ಕೆಳಗಿಟ್ಟ. ನಾನು ಹತ್ತು ಹೆಜ್ಜೆ ಹಿಂದೆ, ಸದ್ದಾಗದ ಹಾಗೆ ಹೋದೆ. ಬ್ಯಾರನ್ನಿನ ಮೂಲೆಯಲ್ಲಿ ಅವಳು ತಿರುಗದೆ, "ಯಾಕ್ಲಾ ಕಳ್ಳನಂಗೆ ಬತ್ತಿದ್ದೀಯ? ಓಗು, ಕೊಟ್ಗೆ ಬಾಚು," ಅಂದಳು. ನಾನು ಅಲ್ಲೇ ನಿಂತೆ. ಅವಳು ನಿಧಾನವಾಗಿ, ಒಂದೊಂದು ಕಾಲನ್ನೂ ಊರಿ ನೋಡುತ್ತ, ಗೇಟಿನವರೆಗೂ ಹೋದಳು. ಡೇರಿಯ ಕಡೆಯಿಂದ ಹೆಂಗಸರ ಗದ್ದಲ ಕೇಳಿಸಿತು. ಅರ್ಧ ಗಂಟೆ ಅಂತ ಹೇಳಿದೆನಲ್ಲ, ಆವತ್ತು ಒಂದು ಗಂಟೆ.

ವಾಪಸು ಬಂದು ಖಾಲಿ ಕ್ಯಾನು ಕೆಳಗಿಡುತ್ತ, "ನೀನು ಹಾಕ್ತಿದ್ದಾಗ ಡಿಗ್ರಿ ಕಮ್ಮಿ ಬತ್ತಿತ್ತಂತೆ. ನೀರು ಬೆರೆಸ್ತಿದ್ಯೇನ್ಲಾ?" ಅಂದಳು. ಅಣ್ಣ ಜೋರಾಗಿ ನಕ್ಕ. ಜಗಲಿ ಇಳಿಯಬೇಡ ಎಂಬ ಮಾತನ್ನು ಆಮೇಲೆ ಅವನು ಎತ್ತಲಿಲ್ಲ.

ಡಾಂಬರನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗೆ ಮುಂಚೆ ಅಂಚಿನ ಹುಲ್ಲು ಕೀಳಬೇಕು, ಬಿಟ್ಟರೆ ಬೇರು ಒಳಗೆ ನುಗ್ಗಿ ಬಿರುಕು ಬಿಡಿಸುತ್ತದೆ. ಬಿರುಕನ್ನು ಕಡ್ಡಿಪೊರಕೆಯಿಂದ ಗುಡಿಸಿ, ಒಣಗಿಸಿ, ಕಾದ ಡಾಂಬರು ಹುಯ್ದು ಮೇಲೆ ಜಲ್ಲಿಪುಡಿ ಒತ್ತಬೇಕು. ಟ್ರ್ಯಾಕ್ಟರು ನಿಲ್ಲುವ ಕಡೆ ತಗಡು ಹಾಸಬೇಕು. ಮೊದಲ ಮಳೆಗೇ ಹುರುಳಿ ಉಬ್ಬಿ ಮುಕ್ಕಾಲು ಪಾಲು ಎದ್ದುಹೋಯಿತು. ಕಾಳು ಹೋದ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಉಳಿದವು, ಒರಟು ಹಾಗೇ ಇತ್ತು. ಎರಡು ವರ್ಷಕ್ಕೊಮ್ಮೆ ಮೇಲೆ ಬಳಿಸುವಾಗ ನಾನು ಮೊದಲು ಜಲ್ಲಿಪುಡಿ ಜರಡಿ ಹಿಡಿದು ಇಟ್ಟುಕೊಳ್ಳುತ್ತಿದ್ದೆ. ಕಪ್ಪು ಒಂದು ರಾತ್ರಿಯೂ ಬರಿದಾಗಿ ಇರಬಾರದು. ಬಳಿದ ಮೇಲೆ ಅವ್ವ ಬಂದು ಕಾಲಾಡಿಸುತ್ತಿದ್ದಳು. ಪಾಸು ಮಾಡಿದರೆ ಮಾತಾಡುತ್ತಿರಲಿಲ್ಲ.

ಹೀಗೆ ನಾಲ್ಕು ವರ್ಷ ಅವಳು ಡೇರಿಗೆ ಹೋದಳು. ಒಂದು ಸಲವೂ ಬೀಳಲಿಲ್ಲ. ಕಣ್ಣು ಈ ನಡುವೆ ಇನ್ನೂ ಇಳಿಯಿತು, ಕೊನೆಗೆ ಬೆಳಕು ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ಹೋದಳು. ಹಾಲು ಚೆಲ್ಲಲಿಲ್ಲ.

ಹೋದ ಕಾರ್ತಿಕದ ಒಂದು ಬೆಳಿಗ್ಗೆ ನಾನು ಹಸು ಕರೆದು ಕ್ಯಾನು ತಂದುಕೊಟ್ಟೆ. ಅವ್ವ ತೆಗೆದುಕೊಂಡಳು. ಇಳಿಯಲು ಜಗಲಿಯ ಕಂಬ ಹಿಡಿದವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕ್ಯಾನನ್ನು ನನ್ನ ಕಡೆ ಚಾಚಿದಳು.

"ತಗೊ. ಇವತ್ತಿಂದ ನೀನೇ ಓಗು."

"ಯಾಕವ್ವ? ದಾರೀಲಿ ಏನಾರ ಕಿತ್ತೋಗೈತಾ?"

"ದಾರಿ ಸರ್ಯಾಗೈತೆ. ನಂಗೇ ಸಾಕಾಯ್ತು."

ಬಿಸಿಲು ಬೀಳುವ ಕಡೆಗೆ ಚಾಪೆ ಎಳೆದುಕೊಂಡು ಕೂತಳು. ಮುಖದಲ್ಲಿ ಬೇಸರ ಇದೆಯೇ ಎಂದು ನೋಡಿದೆ. ಇರಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರನ್ನು ನಾಲಿಗೆಯಿಂದ ಹುಡುಕುತ್ತಿದ್ದಳು. ನಾನು ಕ್ಯಾನು ಹಿಡಿದು ಹೊರಟೆ. ಡೇರಿಯ ಸಾಲಿನಲ್ಲಿದ್ದ ಹೆಂಗಸರು ನನ್ನನ್ನು ಕಂಡು ಗಾಬರಿಯಾದರು. "ನಿಮ್ಮವ್ವ ಎಲ್ಲಪ್ಪ? ಬಿದ್ರಾ?" ಎಂದು ಒಬ್ಬಳು ಕೇಳಿದಳು.

"ಇಲ್ಲ ಕಣವ್ವ. ಅವ್ರೇ ಬರೋದು ನಿಲ್ಸಿದ್ರು," ಅಂದೆ.